ಅಮಾವಾಸ್ಯೆಗೆ ಮದುವೆ

ಜೂನ್ 3, ಭಾನುವಾರ. ಕೊಮಿಜಾ.

ಮಗಳು ಪೆರಿನಾ ತನ್ನ ಮದುವೆಯ ದಿನ ಗೊತ್ತು ಮಾಡಿಕೊಂಡು ಬಂದಿದ್ದಾಳೆ: ಆಗಸ್ಟ್ ಹನ್ನೊಂದು. ಹುಡುಗನ ಕಡೆಯವರು ಕಡಲಾಚೆ ಗೋಧಿ ಬೆಳೆಯುವ ಬಯಲಿನವರು, ಅವರಿಗೆ ಗೊತ್ತಿಲ್ಲ, ಸರಿ. ಮೀನುಗಾರನ ಮಗಳು ಇವಳಾದರೂ ಚಂದ್ರನ ಲೆಕ್ಕ ನೋಡಬಾರದಿತ್ತೇ? ಆವತ್ತು ಅಮಾವಾಸ್ಯೆ!

ನಮ್ಮ ಯಜಮಾನರು ಬಲೆ ಹೊಲಿಯುವುದನ್ನು ಬಿಟ್ಟು ಎದ್ದೇ ನಿಂತರು.

“ಆವತ್ತು ಊರಿನ ದೋಣಿಯೆಲ್ಲ ಕಡಲಲ್ಲಿರುತ್ತೆ. ಚರ್ಚಲ್ಲಿ ಗಂಡಸು ಅಂತ ಇರೋರು ಪಾದ್ರಿ, ಮದುಮಗ ಇಬ್ಬರೇ!”

“ಒಂದು ರಾತ್ರಿ ಬೂತಾಯಿ ಮೀನು ಹಿಡೀದಿದ್ರೆ ಏನಪ್ಪಾ?”

“ಕತ್ತಲಿದ್ರೇನೇ ಕಣೇ ಅದು ನಮ್ಮ ದೋಣಿ ದೀಪದ ಕೆಳಗೆ ಗುಂಪು ಕಟ್ಟೋದು. ಬೆಳದಿಂಗಳಿದ್ರೆ ಕಡಲೆಲ್ಲ ಚೆಲ್ಲಾಪಿಲ್ಲಿ. ಹುಣ್ಣಿಮೆಗೆ ಇಟ್ಕೋ, ಊರಿಗೆ ಊರೇ ಬಂದು ಕುಣಿಯುತ್ತೆ.”

“ಆಗಲ್ಲಪ್ಪಾ, ಅವರು ನಲವತ್ತು ಜನಕ್ಕೆ ಹಡಗಿನ ಟಿಕೆಟ್ ತೆಗೆಸಿಯಾಗಿದೆ.”

ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ. ಈ ಊರಲ್ಲಿ ಮದುವೆ, ಕುಣಿತ, ಜಗಳ ಎಲ್ಲವೂ ಹುಣ್ಣಿಮೆಯ ವಾರದಲ್ಲೇ. ಗಂಡಂದಿರು ರಾತ್ರಿ ಮನೆಯಲ್ಲಿರುವುದೇ ಆಗ. ನನ್ನ ಇಬ್ಬರು ಗಂಡುಮಕ್ಕಳೂ ಹುಣ್ಣಿಮೆಯ ಫಸಲೇ. ಪೆರಿನಾ ಮಾತ್ರ ಅಲ್ಲ. ಅವಳು ಹುಟ್ಟಿದ ವರ್ಷ ಜನವರಿಯ ಅಮಾವಾಸ್ಯೆಗೆ ಬಿರುಗಾಳಿ ಎದ್ದು ದೋಣಿಗಳು ಮೂರು ದಿನ ದಡ ಬಿಟ್ಟಿರಲಿಲ್ಲ. ಇದನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಮೂವತ್ತು ವರ್ಷದಿಂದ ಕಡಲು ಶಾಂತವಾಗಿರಲಿ ಎಂದು ಮಾತೆ ಮರಿಯಳಿಗೆ ಮೇಣದಬತ್ತಿ ಹಚ್ಚುತ್ತಾ ಬಂದವಳು ನಾನು. ಇವತ್ತು ಹಚ್ಚಿ, ಯಜಮಾನರಿಗೆ ಕೇಳಿಸದ ಹಾಗೆ ಬೇಡಿಕೊಂಡೆ: ತಾಯೇ, ಆಗಸ್ಟ್ ಹನ್ನೊಂದಕ್ಕೆ ಇನ್ನೊಂದು ಬಿರುಗಾಳಿ ಕಳಿಸು. ಸಣ್ಣದು ಸಾಕು. ಬೀಗರ ಹಡಗು ಬಂದು ಮುಟ್ಟಿದ ಮೇಲೆ.