ಹಿಂದಿನ ಸಾಲಿನ ನಗು

ಮಾನ್ಯ ಮಹಾಮಂತ್ರಿಗಳೇ,

ಅಕ್ಕನ ಮದುವೆ ಇಂದು ಸಾಂಗವಾಗಿ ನೆರವೇರಿತೆಂದು ತಮ್ಮ ಗಮನಕ್ಕೆ ತರಲಾಗಿದೆ. ಊಟಕ್ಕೆ ಮುಂಚೆ ವಧೂವರರ ಬಗ್ಗೆ ನಾಲ್ಕು ಮಾತಾಡುವ ಘನಕಾರ್ಯ ನನ್ನ ತಲೆಗೆ ಬಿತ್ತು. ಬರೆಯುವಾಗ ಅಭ್ಯಾಸಬಲದಿಂದ ಪ್ರತಿ ತಮಾಷೆಯ ಪಕ್ಕ ‘ಇಲ್ಲಿ ನೀನು ನಗು’ ಎಂದು ಗುರುತು ಹಾಕಿಬಿಟ್ಟಿದ್ದೆ ಕಣೋ. ಶಾಲೆಯಿಂದಲೂ ನಮ್ಮ ಏರ್ಪಾಡು ಅದೇ ತಾನೇ: ನಾನು ಮಾತಾಡೋದು, ನೀನು ಹಿಂದಿನ ಸಾಲಲ್ಲಿ ಕೂತು ಮೊದಲು ನಗೋದು, ಆಮೇಲೆ ಸಭೆ ನಗೋದು.

“ಅಕ್ಕ ಏಳನೇ ವಯಸ್ಸಿನಲ್ಲಿ ನನ್ನನ್ನು ಹಳೇ ಪೇಪರಿನವನಿಗೆ ಮಾರಲು ಹೋಗಿದ್ದಳು, ಅವನು ಬೇಡವೆಂದ,” ಎಂದೆ. ಯಾರೂ ಕಿಸಕ್ಕೆನ್ನಲಿಲ್ಲ. ನಾನು ಹಿಂದಿನ ಸಾಲನ್ನೇ ನೋಡುತ್ತ ನಿಂತುಬಿಟ್ಟೆ.

“ಮುಗೀತೇನಪ್ಪಾ? ಊಟ ಆರ್ತಾ ಇದೆ,” ಎಂದರು ದೊಡ್ಡಪ್ಪ. ಅದಕ್ಕೆ ಎಲ್ಲರೂ ನಕ್ಕರು.

ಕೆಳಗಿಳಿದಾಗ ಅಕ್ಕ ನಿನ್ನ ಬಗ್ಗೆ ಕೇಳಿದಳು, “ಅವನ್ಯಾಕೋ ಬರಲಿಲ್ಲ? ಕಾರ್ಡ್ ಕೊಟ್ಟೆ ತಾನೇ?”

“ಕೊಟ್ಟೆ ಕಣಕ್ಕಾ,” ಎಂದೆ.

ಕೊಟ್ಟಿಲ್ಲ. ಎರಡು ಸಲ ನಿಮ್ಮ ಬಾಗಿಲ ತನಕ ಬಂದು ವಾಪಸಾದೆ. ನಿನಗೆ ಕೆಲಸ ಸಿಕ್ಕಿದೆಯೆಂದು ನಾನು ತಮಾಷೆಗೆ ಸುಳ್ಳು ಪತ್ರ ಕಳಿಸಿದಾಗ ನಿಮ್ಮಮ್ಮ ಬೀದಿಗೆಲ್ಲ ಸಿಹಿ ಹಂಚಿದ್ದರು. ಅದೊಂದಕ್ಕೆ ನೀನು ನಗಲಿಲ್ಲ. ಬಾಗಿಲು ತೆಗೆಯೋದು ಅವರೇ. ಅವರ ಕೈಗೆ ನಾನು ಇನ್ನೊಂದು ಲಕೋಟೆ ಹೇಗೆ ಕೊಡಲಿ?