ಕಾಲರ್ ಗೊತ್ತು, ಉಳಿದ ಶರ್ಟ್ ಕಲಿಸಿ

ವೃತ್ತಿ ತರಬೇತಿ ಮತ್ತು ಆಜೀವ ಕಲಿಕಾ ಇಲಾಖೆಯ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಇಲಾಖೆಯ ಒಂದು ಕಡತದ ಪ್ರಕಾರ ನಾನು ಹೊಲಿಗೆ ಗೊತ್ತಿರುವವಳು, ಆದ್ದರಿಂದ ನನಗೆ ಹೊಲಿಗೆ ಕಲಿಸುವಂತಿಲ್ಲ. ಇನ್ನೊಂದು ಕಡತದ ಪ್ರಕಾರ ನಾನು ಹೊಲಿಗೆ ಗೊತ್ತಿಲ್ಲದವಳು, ಆದ್ದರಿಂದ ನನಗೆ ಹೊಲಿಗೆಯ ಕೆಲಸ ಕೊಡುವಂತಿಲ್ಲ. ಎರಡೂ ಕಡತಗಳು ಒಂದೇ ಕಪಾಟಿನಲ್ಲಿವೆ, ಎರಡರಲ್ಲೂ ನಿಮ್ಮದೇ ಸಹಿ ಇದೆ. ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಹದಿನೇಳು ತಿಂಗಳಲ್ಲಿ ಈ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು ನೋಡಿದ ಪುಣ್ಯಾತ್ಮರು ಒಬ್ಬರೂ ಸಿಗಲಿಲ್ಲವಾದ್ದರಿಂದ ಹೀಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರದಲ್ಲಿ ಸಿಟ್ಟು ಸಾಲದು ಎನ್ನಿಸಿದರೆ ಮನ್ನಿಸಬೇಕು. ಮೊದಲ ಆರು ತಿಂಗಳು ಬರುತ್ತಿತ್ತು. ಈಗ ಬರುವುದಿಲ್ಲ.

ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಾಲರ್ ಹೊಲಿದವಳು. ಕಾಲರ್ ಎಂದರೆ ಕಾಲರ್ ಮಾತ್ರ. ನೀವು ತೊಟ್ಟಿರುವ ಶರ್ಟನ್ನು ಯಾರೋ ಒಬ್ಬರು ಕೂತು ಹೊಲಿದಿದ್ದಾರೆಂದು ನೀವು ತಿಳಿದಿದ್ದರೆ ಅದು ನಿಮ್ಮ ಒಳ್ಳೆಯತನ. ಅದನ್ನು ನಲವತ್ತು ಜನ ಹೊಲಿದಿರುತ್ತಾರೆ, ಒಬ್ಬೊಬ್ಬರು ಒಂದೊಂದು ಗೆರೆ. ಜೇಬಿನವಳಿಗೆ ತೋಳು ಬರುವುದಿಲ್ಲ, ಕಾಜಾದವಳಿಗೆ ಜೇಬು ಬರುವುದಿಲ್ಲ. ಒಬ್ಬರನ್ನೊಬ್ಬರು ಕೂಗುತ್ತಿದ್ದದ್ದೂ ಹಾಗೆಯೇ. ನಾನು ಕಾಲರಕ್ಕ. ನನ್ನ ಎಡಗಡೆ ಕೂರುತ್ತಿದ್ದವಳು ನಾನು ಮುಗಿಸಿದ ಕಾಲರನ್ನು ಶರ್ಟಿನ ಕತ್ತಿಗೆ ಕೂರಿಸುವವಳು, ಆದ್ದರಿಂದ ಅವಳು ಕತ್ತಕ್ಕ. ಬಲಗಡೆಯಿಂದ ಕತ್ತರಿಸಿದ ತುಂಡುಗಳು ಬರುತ್ತವೆ. ನಾನು ಹೊಲಿದು, ಮೂಲೆ ಕತ್ತರಿಸಿ, ಮೊನೆ ತಿರುವಿ, ಅಂಚಿಗೆ ಇನ್ನೊಂದು ಹೊಲಿಗೆ ಹಾಕಿ, ಮಧ್ಯಕ್ಕೆ ಮಡಚಿ ಎರಡು ಮೊನೆಗಳೂ ಸರಿಯಾಗಿ ಕೂರುತ್ತವೆಯೇ ನೋಡಿ, ಎಡಕ್ಕೆ ಸರಿಸುತ್ತೇನೆ. ತಲೆ ಎತ್ತುವ ಅಗತ್ಯವಿಲ್ಲ. ಕತ್ತಕ್ಕನ ಕೈ ಬಂದು ತೆಗೆದುಕೊಂಡು ಹೋಗುತ್ತದೆ. ಅವಳ ಮುಖಕ್ಕಿಂತ ನಾನು ಅವಳ ಕೈಯನ್ನೇ ಹೆಚ್ಚು ನೋಡಿದ್ದೇನೆ. ಪೂರ್ತಿ ಶರ್ಟನ್ನು ನಾನು ಕಣ್ಣಿಟ್ಟು ನೋಡಿದ್ದು ಬಸ್ಸಿನಲ್ಲಿ, ಬೇರೆಯವರ ಮೈಮೇಲೆ.

ಕಾರ್ಖಾನೆ ಮುಚ್ಚಿತು. ಗೇಟಿಗೆ ಅಂಟಿಸಿದ್ದ ನೋಟಿಸಿನ ಅಂಟು ಒಣಗುವ ಮೊದಲೇ ಅದರ ಪಕ್ಕದಲ್ಲಿ ನಿಮ್ಮ ಇಲಾಖೆಯ ಪೋಸ್ಟರ್ ಬಂತು: ‘ಬದುಕಿರುವವರೆಗೂ ಕಲಿಯೋಣ’. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಮಾರನೆಯ ದಿನವೇ ಬಂದು ಆರು ತಿಂಗಳ ಹೊಲಿಗೆ ತರಗತಿಗೆ ಅರ್ಜಿ ಕೊಟ್ಟೆ. ಕೌಂಟರಿನ ಗುಮಾಸ್ತರು ಅರ್ಜಿ ಓದಿ ಕನ್ನಡಕ ತೆಗೆದರು.

“ಏನಮ್ಮಾ, ಹತ್ತೊಂಬತ್ತು ವರ್ಷ ಹೊಲ್ದಿದೀರಿ, ಮತ್ತೆ ಹೊಲಿಗೇನೇ ಕಲೀತೀನಿ ಅಂತೀರಲ್ಲ?”

“ನಂಗೆ ಕಾಲರ್ ಒಂದೇ ಬರೋದು ಸಾರ್.”

“ಕಾಲರ್ ಬಂದ್ಮೇಲೆ ಮಿಕ್ಕಿದ್ದೇನು ಮಹಾ? ಎಲ್ಲಾ ಅದೇ ಮೆಷಿನ್ನೇ ತಾನೇ?”

ಆಮೇಲೆ ಅವರು ನಿಯಮಗಳ ಪುಸ್ತಕ ತಿರುವಿ, ಪಾಪ, ಸಾಲಿನ ಕೆಳಗೆ ಬೆರಳಿಟ್ಟು ಓದಿ ತೋರಿಸಿದರು: ‘ಯಾವುದೇ ವೃತ್ತಿಯಲ್ಲಿ ಮೂರು ವರ್ಷಕ್ಕೆ ಮೇಲ್ಪಟ್ಟ ಅನುಭವ ಹೊಂದಿದವರಿಗೆ ಅದೇ ವೃತ್ತಿಯಲ್ಲಿ ಪ್ರಾಥಮಿಕ ತರಬೇತಿ ನೀಡತಕ್ಕದ್ದಲ್ಲ, ಸದರಿಯವರನ್ನು ಹೊಸ ವೃತ್ತಿಗೆ ಅಣಿಗೊಳಿಸತಕ್ಕದ್ದು.’ ನಾನು ಹತ್ತನೆಯ ತರಗತಿ ಪಾಸಾದವಳು. ಸದರಿ, ತತ್ಸಂಬಂಧ, ಮೇಲ್ಕಂಡಂತೆ ಮುಂತಾದ ಮಾತುಗಳನ್ನೆಲ್ಲ ನಿಮ್ಮ ಕಚೇರಿಯ ಗೋಡೆಯ ನೋಟಿಸುಗಳಿಂದಲೇ ಕಲಿತೆ. ಬೆಂಚಿನ ಮೇಲೆ ಕಾದು ಕೂತವರಿಗೆ ಓದಲು ಬೇರೇನೂ ಇರಲಿಲ್ಲ. ನಿಮ್ಮ ಇಲಾಖೆ ನನಗೆ ಏನೂ ಕಲಿಸಿಲ್ಲ ಎಂದು ಯಾರೂ ಹೇಳಬಾರದು.

ಸದರಿಯವಳನ್ನು ಅಣಿಗೊಳಿಸಲಾಯಿತು. ಮೊದಲು ಮೊಬೈಲ್ ರಿಪೇರಿ: ಮೂವತ್ತೆರಡು ಜನಕ್ಕೆ ಮೂರು ಫೋನು, ಅದರಲ್ಲಿ ಸರಿಯಿದ್ದದ್ದು ಬೋಧಕರದ್ದು, ಅದನ್ನು ಮುಟ್ಟುವಂತಿರಲಿಲ್ಲ. ಆಮೇಲೆ ಗ್ರಾಹಕ ಸೇವೆ: ಕನ್ನಡಿ ಹಿಡಿದು ಎಂಟು ಹಲ್ಲು ಕಾಣುವಂತೆ ನಗುವುದನ್ನು ಅಭ್ಯಾಸ ಮಾಡಿದೆವು. ಆಮೇಲೆ ಕಂಪ್ಯೂಟರು. ಆಮೇಲೆ ಸ್ವಂತ ಉದ್ಯಮಕ್ಕೆ ಪ್ರೇರಣೆ. ಅದರಲ್ಲಿ ಒಬ್ಬರು ಬಂದು ಎರಡು ದಿನ ನಮಗೆ ಧೈರ್ಯ ಹೇಳಿ ಹೋದರು. ನಾಲ್ಕು ಪ್ರಮಾಣಪತ್ರ ಬಂದವು. ನಿಮ್ಮ ವಾರ್ಷಿಕ ವರದಿಯಲ್ಲಿ ತರಬೇತಿ ಪಡೆದವರ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಪ್ರಮಾಣಪತ್ರಕ್ಕೊಂದು ತಲೆ ಎಂದು ಎಣಿಸಿರುವುದರಿಂದ ಅದರಲ್ಲಿ ನಾನು ನಾಲ್ಕು ಜನ. ಅಷ್ಟು ಜನರಲ್ಲಿ ಒಬ್ಬಳಿಗಾದರೂ ಕೆಲಸ ಸಿಗಬೇಕಿತ್ತಲ್ಲವೇ?

ಆ ವರದಿಯ ಮುಖಪುಟವನ್ನು ನೀವು ಸರಿಯಾಗಿ ನೋಡಿದ್ದೀರಾ? ಒಬ್ಬ ಹುಡುಗಿ ಮೆಷಿನ್ ಮುಂದೆ ಕೂತು ಹೊಲಿಯುತ್ತಾ ಎಂಟು ಹಲ್ಲು ತೋರಿಸುತ್ತಿದ್ದಾಳೆ. ಬಟ್ಟೆಯನ್ನು ಅದುಮಿ ಹಿಡಿಯಬೇಕಾದ ಮೆಷಿನ್ನಿನ ಪಾದ ಮಾತ್ರ ಮೇಲೆದ್ದೇ ಇದೆ. ಸೂಜಿಗೆ ದಾರವೂ ಇಲ್ಲ. ನಾನು ಅದನ್ನು ತೋರಿಸಿದಾಗ ಕತ್ತಕ್ಕ, “ಗಾಳಿ ಹೊಲೀತಿದಾಳೆ ಕಣೇ, ಗಾಳಿಗೆ ಅಳತೆ ಬೇಕಿಲ್ಲ ನೋಡು” ಎಂದಳು. ಕಾರ್ಖಾನೆ ಮುಚ್ಚಿದ ಮೇಲೆ ನಾವಿಬ್ಬರೂ ನಕ್ಕಿದ್ದು ಆಗ ಒಂದೇ ಸಲ.

ನಮ್ಮ ಬೀದಿಯ ಕೊನೆಯಲ್ಲಿ ಶಾಲೆಗಳಿಗೆ ಯೂನಿಫಾರಂ ಹೊಲಿದುಕೊಡುವ ಅಂಗಡಿಯಿದೆ. ನಾಲ್ಕು ಮೆಷಿನ್, ಒಂದು ಖಾಲಿ. ಅಂಗಡಿಯವರು, “ಬನ್ನಿ ಅಕ್ಕಾ, ಜಾಗ ಇದೆ. ಆದ್ರೆ ಇಲಾಖೆ ಹೊಲಿಗೆ ಸರ್ಟಿಫಿಕೇಟ್ ಇಲ್ದೇ ಇರೋರನ್ನ ಕೂರಿಸಿದ್ರೆ ಶಾಲೆ ಆರ್ಡರ್ ಕೈ ತಪ್ಪುತ್ತೆ. ಒಂದು ಶರ್ಟ್ ಪೂರ್ತಿ ಬರುತ್ತೆ ಅಂತ ಬರೆಸ್ಕೊಂಡು ಬನ್ನಿ, ಸಾಕು” ಎಂದರು. ಅದಕ್ಕೆ ದಾರಿಯೂ ನಿಮ್ಮಲ್ಲೇ ಇದೆಯೆಂದು ಗೊತ್ತಾಯಿತು: ತರಗತಿಗೆ ಕೂರದೆ ನೇರವಾಗಿ ತೆಗೆದುಕೊಳ್ಳಬಹುದಾದ, ಅನುಭವಸ್ಥರ ಕೌಶಲ್ಯ ಪರೀಕ್ಷೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಬಾರದಿತ್ತೇ ಎಂದು ನೀವು ಕೇಳಬಹುದು. ಹತ್ತೊಂಬತ್ತು ವರ್ಷ ಮೆಷಿನ್ ಮುಂದೆ ಕೂತವಳ ಮನೆಯಲ್ಲಿ ಮೆಷಿನ್ ಇಲ್ಲ. ಇದ್ದಿದ್ದರೂ ಬಹುಶಃ ಅದರಲ್ಲಿ ಕಾಲರನ್ನೇ ಹೊಲಿಯುತ್ತಿದ್ದೆ.

ಪರೀಕ್ಷೆಯ ಹಾಲಿನಲ್ಲಿ ಒಬ್ಬೊಬ್ಬರಿಗೆ ಒಂದು ಮೆಷಿನ್, ಒಂದು ಶರ್ಟಿಗೆಂದು ಕತ್ತರಿಸಿಟ್ಟ ಹದಿನೆಂಟು ತುಂಡು, ಮೂರು ಗಂಟೆ. ಹದಿನೆಂಟರಲ್ಲಿ ನಾಲ್ಕನ್ನು ಗುರುತಿಸಿದೆ. ಕಾಲರಿನ ಎರಡು, ಅದರ ಪಟ್ಟಿಯ ಎರಡು. ಗೊತ್ತಿರುವುದನ್ನು ಮೊದಲು ಮುಗಿಸೋಣವೆಂದು ಶುರು ಮಾಡಿದೆ. ಕೈಗೆ ಹೊಸ ಮೆಷಿನ್ ಅನ್ನಿಸಲೇ ಇಲ್ಲ. ಹೊಲಿದೆ, ಮೂಲೆ ಕತ್ತರಿಸಿದೆ, ಮೊನೆ ತಿರುವಿದೆ, ಮಡಚಿ ನೋಡಿದೆ, ಎಡಕ್ಕೆ ಸರಿಸಿದೆ. ಸರಿಸಿ, ಬಲಗೈ ಚಾಚಿಕೊಂಡು ಕೂತೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ನನಗೆ ಗೊತ್ತಿಲ್ಲ. ಪರೀಕ್ಷಕಿ ಹತ್ತಿರ ಬಂದರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು.

“ಯಾಕಮ್ಮಾ ಸುಮ್ನೆ ಕೂತ್ರಿ? ಮುಂದಿನ್ದು ಮಾಡಿ.”

“ಕೊಡಿ,” ಎಂದೆ.

“ಏನ್ ಕೊಡ್ಲಿ?”

“ಮುಂದಿನ ಕಾಲರ್.”

ಅವರು ನನ್ನ ಎಡಗಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ಮೆಷಿನ್ ಇರಲಿಲ್ಲ, ಬೆಂಚೂ ಇರಲಿಲ್ಲ. ನನ್ನ ಕಾಲರ್ ನೆಲದ ಮೇಲೆ ಬಿದ್ದಿತ್ತು. ಅವರೇ ಬಗ್ಗಿ ಎತ್ತಿ, ಧೂಳು ಕೊಡವಿ, ಮಧ್ಯಕ್ಕೆ ಮಡಚಿ ನೋಡಿದರು. “ಇಷ್ಟು ಚೆನ್ನಾಗಿರೋ ಕಾಲರ್ ನಾನು ನೋಡಿಲ್ಲಮ್ಮ. ಆದ್ರೆ ಪೂರ್ತಿ ಶರ್ಟ್‌ಗೆ ಮಾತ್ರ ಮಾರ್ಕ್ಸ್ ಇರೋದು. ಬರೀ ಕಾಲರ್‌ಗೆ ಕಾಲಂ ಇಲ್ಲ” ಎಂದರು. ಅವರ ಮೇಲೆ ನನ್ನ ದೂರಿಲ್ಲ. ಉಳಿದ ಎರಡೂ ಮುಕ್ಕಾಲು ಗಂಟೆ ಆ ಹದಿನಾಲ್ಕು ತುಂಡುಗಳ ಮುಂದೆ ಕೂತಿದ್ದೆ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಸಂಖ್ಯೆಯ ಎದುರು ‘ಕೌಶಲ್ಯರಹಿತ’ ಎಂದಿತ್ತು. ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಜೋಮು ಹಿಡಿದ ಕೈ ನಮ್ಮದಲ್ಲ ಎನ್ನಿಸುತ್ತದಲ್ಲ, ಅಷ್ಟೇ. ಅಂದಿನಿಂದ ಹಾಗೇ ಇದೆ. ಏನು ಬರೆದಿದೆ ಎಂದು ಮನೆಯವರು ಕೇಳಿದರು, ಹೇಳಿದೆ. “ಹೋಗ್ಲಿ ಬಿಡು, ಊಟಕ್ಕೆ ಬಾ” ಎಂದರು. ಆಮೇಲೆ ಅವರೂ ಕೇಳುವುದನ್ನು ಬಿಟ್ಟರು.

ಕತ್ತಕ್ಕ ಅದೇ ವಾರ ಬೇರೆ ಕೇಂದ್ರದಲ್ಲಿ ಪರೀಕ್ಷೆಗೆ ಕೂತಿದ್ದಳು. ಫೋನಿನಲ್ಲಿ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನಂಗೆ ಶುರು ಮಾಡಕ್ಕೇ ಆಗ್ಲಿಲ್ಲ ಕಣೇ. ಕಾಲರ್ ಬರ್ಲಿ ಅಂತ ಬಲಗಡೆ ನೋಡ್ಕೊಂಡು ಕೂತಿದ್ದೆ.” ಈಗ ಅವಳು ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳ ಕಡತದಲ್ಲಿಯೂ ಅದೇ ಪದವಿದೆ.

ಈಗ ನಾನು ಕೇಳುವುದಿಷ್ಟು. ಒಂದು ಶರ್ಟನ್ನು ನಲವತ್ತು ಜನರಿಗೆ ಹಂಚಿದ್ದು ನಾನೇ? ಒಬ್ಬಳು ಒಂದನ್ನೇ ಹೊಲಿಯಲಿ, ಪಕ್ಕದವಳ ಕೆಲಸದ ಕಡೆ ಕಣ್ಣೂ ಹಾಯಿಸದಿರಲಿ ಎಂದು ಹತ್ತೊಂಬತ್ತು ವರ್ಷ ಕಾವಲು ಕಾದದ್ದು ನಾನೇ? ಆಗ ಅದಕ್ಕೆ ದಕ್ಷತೆ ಎಂದು ಹೆಸರಿತ್ತು. ಕಾರ್ಖಾನೆಗೆ ಫಲಕ ಕೊಟ್ಟು ಬೆನ್ನು ತಟ್ಟಿದ್ದು ಸರ್ಕಾರವೇ; ಆ ದಿನ ನಮಗೆ ಅರ್ಧ ಗಂಟೆ ಬಿಡುವು ಕೊಟ್ಟು ಚಪ್ಪಾಳೆ ತಟ್ಟಿಸಿದ್ದರು. ಅದೇ ದಕ್ಷತೆ ಗೇಟು ದಾಟಿ ಹೊರಗೆ ಬಂದ ಕೂಡಲೇ ಕೌಶಲ್ಯರಹಿತ ಹೇಗಾಯಿತು? ಕುಂದುಕೊರತೆ ಸಭೆಯ ದಿನ ಎರಡು ನಿಮಿಷ ನಿಮ್ಮೆದುರು ನಿಂತಿದ್ದೆ, ನಿಮಗೆ ನೆನಪಿರಲಾರದು. “ಹಳೇದಕ್ಕೇ ಅಂಟ್ಕೊಂಡು ಕೂತ್ರೆ ಹೇಗಮ್ಮಾ? ಹೊಸದು ಕಲೀಬೇಕು” ಎಂದಿರಿ. ನಾನು ನಿಮ್ಮ ಕಾಲರನ್ನು ನೋಡುತ್ತಿದ್ದೆ. ಎಡಗಡೆಯ ಮೊನೆ ಕೂದಲೆಳೆಯಷ್ಟು ಗಿಡ್ಡ. ನಮ್ಮ ಲೈನಿನಲ್ಲಿ ಅದು ವಾಪಸ್ ಬರುತ್ತಿತ್ತು. ಹೇಳಬೇಕಾದದ್ದು ಆಗ ಹೊಳೆಯಲಿಲ್ಲ, ಈಗ ಹೇಳುತ್ತೇನೆ: ತೋಳು ನನಗೆ ಹೊಸದು, ಜೇಬು ನನಗೆ ಹೊಸದು.

ಮುಂದಿನ ತಿಂಗಳು ಹದಿನಾಲ್ಕಕ್ಕೆ ನನಗೆ ನಲವತ್ತೈದು ತುಂಬುತ್ತದೆ. ‘ಬದುಕಿರುವವರೆಗೂ ಕಲಿಯೋಣ’ ಎಂಬ ಪೋಸ್ಟರಿನ ಪಕ್ಕದಲ್ಲೇ ‘ವಯೋಮಿತಿ: ನಲವತ್ತೈದು’ ಎಂದು ನೀವು ಅಂಟಿಸಿದ್ದೀರಿ, ನಿಮ್ಮ ಲೆಕ್ಕದಲ್ಲಿ ನಾವು ಅಷ್ಟೇ ವರ್ಷ ಬದುಕುತ್ತೇವೇನೋ. ಹೊಲಿಗೆ ತರಗತಿಯ ಪ್ರವೇಶ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಯೂನಿಫಾರಂ ಅಂಗಡಿಯವರು ಆ ನಾಲ್ಕನೆಯ ಮೆಷಿನ್ನನ್ನು ನನಗಾಗಿ ಬಹಳ ದಿನ ಖಾಲಿ ಇಡಲಾರರು. ಆದ್ದರಿಂದ ಬೇಡಿಕೆ ಒಂದೇ. ಮೂರು ವರ್ಷದ ಅನುಭವದ ಆ ನಿಯಮವನ್ನು ನನ್ನಂಥವರ ಮಟ್ಟಿಗೆ ತೆಗೆದುಹಾಕಿ, ತಿಂಗಳು ಮುಗಿಯುವುದರೊಳಗೆ ನನಗೂ ಕತ್ತಕ್ಕನಿಗೂ ಆ ತರಗತಿಯಲ್ಲಿ ಜಾಗ ಕೊಡಿ. ಸಾಧ್ಯವಾದರೆ ಅಕ್ಕಪಕ್ಕ ಬೇಡ.

ಈ ಪತ್ರದ ಪ್ರತಿಯನ್ನು ಅಂಚೆಯಲ್ಲಿಯೂ ಕಳಿಸುತ್ತಿದ್ದೇನೆ. ಅದರ ಜೊತೆ ಪರೀಕ್ಷೆಯ ದಿನ ನಾನು ಹೊಲಿದ ಕಾಲರ್ ಇದೆ, ಪರೀಕ್ಷಕಿ ನನಗೇ ಕೊಟ್ಟುಬಿಟ್ಟಿದ್ದರು. ಮಧ್ಯಕ್ಕೆ ಮಡಚಿ ನೋಡಿ, ಎರಡು ಮೊನೆಗಳೂ ಸರಿಯಾಗಿ ಕೂರುತ್ತವೆ. ಇದಾದ ಮೇಲೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಇಂತಿ,
ಹದಿನೆಂಟು ತುಂಡುಗಳಲ್ಲಿ ನಾಲ್ಕನ್ನು ಬಲ್ಲ,
ನಿಮ್ಮ ವರದಿಯ ನಾಲ್ಕು ಜನರಾದ,
ಕಾಲರಕ್ಕ