ಹದಿನಾರನೆಯ ಕಲ್ಲು

6 ಜನವರಿ 2025, ಸೋಮವಾರ

ಬೆಳಿಗ್ಗೆ ತೋಟಕ್ಕೆ ಹೋಗಿ ಮಗಳು ಸಂಗೀತಳ ಸಮಾಧಿಗೆ ನೀರು, ಪತ್ರೆ, ವಿಭೂತಿ. ನಾಲ್ಕು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಸಿಲ್ಲ. ಅಂಗನವಾಡಿಯಿಂದ ರಿಟೈರ್ ಆದ ಮೇಲೆ ನನಗೆ ಗುರುತಿರುವ ವಾರ ಇದೊಂದೇ. ಕಲ್ಲಿನ ಮೇಲೆ ಅಳಿಲು ಕೂತಿತ್ತು. ಓಡಿಸಲಿಲ್ಲ.

ಮನೆಗೆ ಬಂದರೆ ತಮ್ಮ ಜಯದೇವಪ್ಪನ ಮಗಳು ದೀಪಶ್ರೀ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಮದುವೆ ಛತ್ರದಲ್ಲಿ ಬೇಡವಂತೆ. ನಮ್ಮ ತೆಂಗಿನ ತೋಟದಲ್ಲೇ, ಗೋಧೂಳಿ ಲಗ್ನದಲ್ಲಿ. ಗಾಥಿಕ್ ಥೀಮ್ ಅಂತೆ — ಕಪ್ಪು ಚಪ್ಪರ, ಮೇಣದ ಬತ್ತಿ, ಒಣಗಿದ ಬಳ್ಳಿ, ಅಲ್ಲಲ್ಲಿ ಗೋರಿಕಲ್ಲು. ಹುಡುಗ ಪ್ರಸನ್ನಕುಮಾರನಿಗೆ ಕಡೂರಿನಲ್ಲಿ ಫೋಟೊ ಸ್ಟುಡಿಯೊ, ಇವಳಿಗೆ ತರೀಕೆರೆಯಲ್ಲಿ ಬ್ಯೂಟಿ ಪಾರ್ಲರ್. ವಿಡಿಯೊ ಚೆನ್ನಾಗಿ ಬರಬೇಕು, ಅಷ್ಟೆ.

"ಇದು ನಂದಲ್ಲ ಅತ್ತೆ. ಅಕ್ಕಂದು," ಅಂದಳು.

ಗೊತ್ತು. ನನ್ನ ಸಂಗೀತಾ ಕಾಲೇಜ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇದನ್ನೇ ಬರೆದಿಟ್ಟಿದ್ದಳು. "ಕಪ್ಪಲ್ಲೇ ಮದುವೆ ಆಗ್ತೀನಿ ಕಣಮ್ಮ" ಅನ್ನುತ್ತಿದ್ದಳು. ಬೈದಿದ್ದೆ. ಜ್ವರ ಅಂತ ಶಿವಮೊಗ್ಗಕ್ಕೆ ಹೋದವಳು ತಿರುಗಿ ಬಂದದ್ದು ಆಂಬುಲೆನ್ಸಿನಲ್ಲಿ. ಅವಳಪ್ಪನ ಕಡೆಯವರು, ನಮ್ಮ ಜಮೀನಿನಲ್ಲಿ ಜಾಗ ಇಲ್ಲ ಅಂದರು. ಜಯದೇವ ಕೊಟ್ಟ.

ನೋಟ್‌ಬುಕ್ ತೆಗೆದು ದೀಪಳ ಕೈಗಿಟ್ಟೆ.

2 ಫೆಬ್ರವರಿ

ಕಾರ್ಡು ಹಂಚಿ ಆಯಿತು. ಕಪ್ಪು ಕಾಗದ, ಬೆಳ್ಳಿ ಅಕ್ಷರ, ನಡುವೆ ಇಬ್ಬರ ಕಪ್ಪುಬಿಳುಪು ಫೋಟೊ. ಲಿಂಗದಹಳ್ಳಿಯ ನೆಂಟರು ಶಿವಮೂರ್ತಪ್ಪ ಕನ್ನಡಕ ಹಾಕದೆ ನೋಡಿದ್ದಾರೆ. ತಿಥಿ ಕಾರ್ಡು ಅಂದುಕೊಂಡು ಫೋನು.

"ತೀರ್ಥಮ್ಮ, ಇಬ್ಬರೂ ಒಟ್ಟಿಗೇ ಹೋದ್ರಾ? ಗಾಡಿ ಆಕ್ಸಿಡೆಂಟಾ?"

"ಇನ್ನೂ ಹೋಗಿಲ್ಲ ಕಣ್ರೀ. ಮದುವೆ."

ಆ ಕಡೆ ಕನ್ನಡಕ ಹುಡುಕುವ ಸದ್ದು. ಆಮೇಲೆ — "ಬತ್ತೀನಿ ಬಿಡಿ. ಹೆಂಗಿದ್ರೂ ಊಟ ಇರ್ತೈತಲ್ಲ."

ಜಯದೇವನಿಗೆ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಧಾರೆಗೆ ಕಪ್ಪು ಸೀರೆ ಆಗದು ಅಂತ ಮದುವೆ ಮಾಡಿಸುವ ಅಯ್ಯನವರು ಪಟ್ಟು ಹಿಡಿದಿದ್ದರು. ನೇರಳೆ ಹಣ್ಣಿನ ಬಣ್ಣಕ್ಕೆ ರಾಜಿಯಾಗಿದೆ. ಫೋಟೊದಲ್ಲಿ ಕಪ್ಪೇ ಕಾಣುತ್ತದಂತೆ.

16 ಫೆಬ್ರವರಿ

ತೋಟ ನೋಡಲು ಬೀಗಿತ್ತಿ ಬಂದಿದ್ದರು, ಪ್ರಸನ್ನನ ತಾಯಿ. ಜೊತೆಗೆ ಕಡೂರಿನ ಡೆಕೊರೇಷನ್ ಧರ್ಮೇಶ್. ಥರ್ಮಾಕೋಲಿನ ಗೋರಿಕಲ್ಲೊಂದನ್ನು ಸ್ಯಾಂಪಲ್ ತಂದಿದ್ದ. ಕಪ್ಪು ಬಣ್ಣ, ಮೇಲೆ ಇಂಗ್ಲಿಷ್ ಬರಹ. ಬೀಗಿತ್ತಿ ಸವರಿ ನೋಡಿದರು. "ಚೆನ್ನಾಗೈತೆ. ಇಂಥವು ಹದಿನೈದು ಇರ್ಲಿ."

ಹತ್ತು ಹೆಜ್ಜೆ ಮುಂದೆ ಹೋಗಿ ನಿಂತರು. "ಇದೂ ನಿಂದೇನಪ್ಪಾ ಧರ್ಮೇಶ?"

"ಇಲ್ಲಮ್ಮ, ಅದು ಒರಿಜಿನಲ್ಲು."

ಇಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡರು. ನಾನು ಅಲ್ಲೇ ಇದ್ದೇನೆ ಅನ್ನುವುದು ಗೊತ್ತಿದ್ದೇ ಹೇಳಿದರು. "ಮದುವೆ ಆಗ್ದೆ ಹೋದ ಹುಡುಗಿ. ಅದರ ಕಣ್ಣೆದುರಿಗೆ ಧಾರೆ ಎರೀತೀರಾ? ತೆಗೆಸಿ. ಇಲ್ಲಾಂದ್ರೆ ಛತ್ರ ನೋಡಿ."

ಹದಿನೈದು ಸುಳ್ಳು ಗೋರಿ ಶುಭ. ಒಂದು ನಿಜದ್ದು ಅಶುಭ.

17 ಫೆಬ್ರವರಿ, ಸೋಮವಾರ

ಪತ್ರೆ ಇಟ್ಟು ಬಂದೆ. ಜಯದೇವ ಜಗುಲಿಯಲ್ಲಿ ಕಾಯುತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಅಕ್ಕ, ನಾಲ್ಕು ವರ್ಷ ನಾನೊಂದು ಮಾತು ಆಡಿಲ್ಲ... ಆದ್ರೂ ತೋಟ ನಂದಲ್ವಾ."

ಆಡಿಬಿಟ್ಟ. ನಾನು ಲೋಟ ತೊಳೆಯುತ್ತಾ ಇದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಮಧ್ಯಾಹ್ನ ದೀಪ ಉಪಾಯ ತಂದಳು. ಬೀಗಿತ್ತಿಗೆ, ತೆಗೆಸಿದೆವು ಅನ್ನುವುದು. ಕಲ್ಲಿಗೆ ಕಪ್ಪು ಬಣ್ಣ ಬಳಿದು, ಹೆಸರಿನ ಮೇಲೆ ಇಂಗ್ಲಿಷ್ ಹಲಗೆ ಅಂಟಿಸಿ, ಹದಿನೈದರ ಜೊತೆ ಹದಿನಾರನೆಯದು ಮಾಡುವುದು. ಮಣ್ಣಿನ ಗುಡ್ಡೆಯನ್ನು ಮಾತ್ರ ಸಮ ಮಾಡಬೇಕು.

"ನೀವೇ ಹೇಳ್ತಿದ್ದ ಕಥೆ ಅಲ್ವಾ ಅತ್ತೆ? ಶತ್ರು ಬಂದಾಗ ರಾಣಿ ಮಗಳನ್ನ ನೂರು ಗೊಂಬೆ ನಡುವೆ ನಿಲ್ಲಿಸ್ತಾಳಲ್ಲ. ಅಕ್ಕಂಗೂ ಅವಳ ಥೀಮಿನ ಮದುವೆ ನೋಡ್ದಂಗಾಗುತ್ತೆ."

ಹೌದು, ನನ್ನದೇ ಕಥೆ. ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಶತ್ರು ಹೋದ ಮೇಲೆ ರಾಣಿ ಒಂದೊಂದೇ ಗೊಂಬೆಯ ಅಂಗಾಲು ಮುಟ್ಟುತ್ತಾ ಬರುತ್ತಾಳೆ. ಬೆಚ್ಚಗಿದ್ದದ್ದು ಮಗಳದು.

"ಕಲ್ಲು ಇರುತ್ತಲ್ಲ, ಗುರುತಿಗೆ," ಅಂದಳು.

ಹೂಂ ಅಂದೆ. ಯಾರೂ ಬಲವಂತ ಮಾಡಲಿಲ್ಲ, ಇದನ್ನು ಬರೆದಿಟ್ಟುಕೊಳ್ಳಬೇಕು. ನಾನೇ ಹೂಂ ಅಂದೆ.

9 ಮಾರ್ಚ್, ಸಂಜೆ 7.30

ಮದುವೆ ಮುಗಿಯಿತು. ಊಟ ನಡೆಯುತ್ತಿದೆ. ಅಡುಗೆ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಾಲ್ಕು ದಿನದಿಂದ ತೋಟಕ್ಕೆ ಬಿಟ್ಟಿರಲಿಲ್ಲ, ಜೆಸಿಬಿ ಓಡಾಡುತ್ತೆ ಅಂತ. ಇವತ್ತು ನೋಡಿದರೆ ಬದುವೂ ಇಲ್ಲ, ಸೋಗೆಯೂ ಇಲ್ಲ, ನೆಲ ಒಳ್ಳೆ ಕಣದ ಹಾಗೆ. ಮರಗಳಿಗೆ ಕಪ್ಪು ಬಟ್ಟೆ. ಕಲ್ಲುಗಳು ಎರಡು ಸಾಲು. ಬಲಗಡೆಯ ಕೊನೆಯದು ಬಡಿದು ನೋಡಿದೆ — ಕಲ್ಲೇ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ.

ಗಂಡ ಇಲ್ಲದವಳು, ಮಂಟಪಕ್ಕೆ ಬರಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಕೂತಲ್ಲೇ ಒಂದೊಂದನ್ನೂ ಸಂಗೀತಳಿಗೆ ಮೆಲ್ಲಗೆ ಹೇಳುತ್ತಾ ಹೋದೆ. ಈಗ ಹಾರ ಹಾಕಿದರು. ಈಗ ತಾಳಿ. ದೀಪಳ ಸೀರೆ ನೀನಂದ ಹಾಗೆ ಕಪ್ಪೇ ಕಾಣುತ್ತೆ ಮಗಾ. ನಮ್ಮಲ್ಲಿ ಮಲಗಿಸುವುದಿಲ್ಲವಲ್ಲ, ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುವುದು. ಅವಳೂ ಕೂತಿದ್ದಾಳೆ, ನಾನೂ ಕೂತಿದ್ದೇನೆ, ಮದುವೆ ಮನೆಯಲ್ಲಿ ತಾಯಿ ಮಗಳು ಅಂದುಕೊಂಡೆ.

ಬೀಗಿತ್ತಿ ಬಂದು ಆ ಕಲ್ಲಿಗೇ ಮೊಣಕೈ ಊರಿ ಸೆಲ್ಫಿ ತೆಗೆದುಕೊಂಡರು. "ಇದೊಂದು ಗಟ್ಟಿಯಾಗಿ ಮಾಡವ್ನೆ ನೋಡಿ," ಅಂದರು. ಕೆಟ್ಟ ಸಂತೋಷವಾಯಿತು.

10 ಮಾರ್ಚ್, ಸೋಮವಾರ

ಚೊಂಬು ಹಿಡಿದು ಹೋದೆ. ಖಾಲಿ. ಬೆಳಕು ಹರಿಯುವ ಮೊದಲೇ ಲಾರಿಗೆ ತುಂಬಿಕೊಂಡು ಹೋಗಿದ್ದಾರೆ. ಹದಿನಾರೂ.

12 ಮಾರ್ಚ್

ಅಜ್ಜಂಪುರದಿಂದ ಬಸ್ಸಿನಲ್ಲಿ ಕಡೂರಿಗೆ. ಧರ್ಮೇಶನ ಗೋಡೌನು. ಪ್ಲಾಸ್ಟಿಕ್ ಬಾಳೆಕಂಬ, ಹುಟ್ಟುಹಬ್ಬದ ಬಲೂನ್ ಕಮಾನುಗಳ ಹಿಂದೆ ಒರಗಿಸಿದ್ದ. ಇಂಗ್ಲಿಷ್ ಹಲಗೆ ಕಿತ್ತೆ. ಕೆಳಗೆ ಅವಳ ಹೆಸರು.

ಒಳ್ಳೆಯ ಹುಡುಗ. ತುಂಬಿದ ಹುಡುಗರಿಗೆ ಗೊತ್ತಾಗಲಿಲ್ಲಮ್ಮ ಅಂತ ಕೈ ಮುಗಿದ. ಲಗೇಜ್ ಆಟೊ ಮಾಡಿಸಿಕೊಟ್ಟ. ಹತ್ತಿಸುವಾಗ ಕೇಳಿದೆ, "ಕೀಳುವಾಗ ಭಾರ ಅನ್ನಿಸಲಿಲ್ವೇನಪ್ಪಾ?"

"ಅವತ್ತು ಕಿತ್ತಿದ್ದಲ್ಲಮ್ಮ. ಮದುವೆಗೆ ಎರಡು ದಿನ ಮುಂಚೇನೇ ಕಿತ್ತಿದ್ವಿ. ಎಲ್ಲೋ ಒಂದು ಮೂಲೇಲಿ ಇತ್ತಲ್ಲ, ಕ್ಯಾಮೆರಾಗೆ ಬರ್ತಿರಲಿಲ್ಲ. ದೀಪಕ್ಕನೇ ಸಾಲಿಗೆ ಸೇರಿಸಿ ಅಂದ್ರು."

ಹಾಗಾದರೆ ಆವತ್ತು ಸಂಜೆ ನಾನು ಹೇಳಿದ್ದೆಲ್ಲ...

15 ಮಾರ್ಚ್

ದೀಪಳ ಫೋನು. "ಅತ್ತೆ, ವಿಡಿಯೊ ನೋಡಿದ್ರಾ? ಎಲ್ರೂ ಐಡಿಯಾ ಯಾರ್ದು ಅಂತ ಕೇಳ್ತಾವ್ರೆ."

ನೀನು ಏನು ಹೇಳಿದೆ ಅಂತ ಕೇಳಲಿಲ್ಲ. ಕಲ್ಲು ಎಲ್ಲಿತ್ತು ಅಂತ ಮಾತ್ರ ಕೇಳಿದೆ. "ಅಲ್ಲೇ ಅತ್ತೆ, ಬೋರ್‌ವೆಲ್ ಹತ್ರ... ಅಪ್ಪಂಗೆ ಗೊತ್ತಿರುತ್ತೆ."

ಅಪ್ಪನಿಗೆ ಗೊತ್ತಿಲ್ಲ. "ಎಲ್ಲಾದ್ರೂ ನೆಡು ಅಕ್ಕ. ಒಟ್ಟು ತೋಟದಲ್ಲೇ ಇದಾಳಲ್ಲ."

17 ಮಾರ್ಚ್, ಸೋಮವಾರ

ಕಲ್ಲು ಪಂಪ್‌ಹೌಸಿನ ಗೋಡೆಗೆ ಒರಗಿದೆ. ಪತ್ರೆ ಕೈಯಲ್ಲೇ ಇದೆ. ನಾಲ್ಕು ವರ್ಷ ದೂರದಿಂದಲೇ ಕಲ್ಲು ನೋಡಿ ನಡೆದುಬಿಟ್ಟೆ. ಎಷ್ಟನೇ ಮರ, ಎಷ್ಟನೇ ಸಾಲು — ಒಂದು ದಿನವೂ ಎಣಿಸಲಿಲ್ಲ.

ಚಪ್ಪಲಿ ಬಿಟ್ಟು ನಡೆದೆ. ರಾಣಿ ಅಂಗಾಲು ಮುಟ್ಟಿ ಗುರುತು ಹಿಡಿದಳಲ್ಲ. ನೆಲವೆಲ್ಲ ಬೆಚ್ಚಗೇ ಇದೆ, ಬಿಸಿಲಿಗೆ.

ಅವಳ ಮುಖ ಬೋರ್‌ವೆಲ್ ಕಡೆಗಿತ್ತು, ಅದು ನೆನಪಿದೆ. ಅಲ್ಲಿಂದ, ಇದೇ ಜಾಗ ಅನ್ನಿಸುವ ತನಕ ಎಣಿಸಿದೆ. ಹದಿನಾಲ್ಕು ಹೆಜ್ಜೆ. ಇನ್ನೊಂದು ಸಲ ಎಣಿಸಿದರೆ ಹದಿನಾರು. ಮಣ್ಣು ಮಾಡಿದ ದಿನ ನನ್ನ ಹೆಜ್ಜೆ ಇಷ್ಟು ಸಣ್ಣದಿತ್ತೋ ಇಲ್ಲವೋ. ಎಡಗಡೆ ಒಂದು ಮರ ಬಾಗಿತ್ತು, ಈಗ ಬಾಗಿದ್ದು ಮೂರಿವೆ. ಇಲ್ಲೇ ಇರಬೇಕು. ಇಲ್ಲ, ಸ್ವಲ್ಪ ಬಲಕ್ಕೆ, ಇನ್ನೊಂದು ಹೆಜ್ಜೆ —